ಹನ್ನೆರಡರ ಗಂಟೆ

ಸೋಮವಾರ, 1 ಫೆಬ್ರವರಿ 1932. ಬೆಳಗ್ಗೆ 8

ಇವತ್ತೂ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ — ನನ್ನ ಪರೀಕ್ಷೆಯ ಪೇಪರು ಲಂಡನ್ ತಲುಪಿಯೇ ಮೂರು ನಾಲ್ಕು ದಿನವಾಗಿರಬೇಕು. ಆದರೂ ವಿಲಾಯತಿ ಟಪಾಲು ಬರುವುದು ಸೋಮವಾರ. ಹಲ್ಲುಜ್ಜುವಾಗಲೇ ಕಿವಿ ಬೀದಿಯ ಕಡೆ. ಪೋಸ್ಟ್‌ಮ್ಯಾನ್ ಬೆಟ್ಟಯ್ಯ ಮನೆ ಮುಂದೆ ನಿಂತು, ಚೀಲಕ್ಕೆ ಕೈ ಹಾಕಿ, ನನ್ನ ಮುಖ ನೋಡಿ, ಬರಿಗೈ ಹೊರಗೆ ತೆಗೆದ.

“ನಿಮ್ ಕಾಗ್ದ ಇನ್ನೂ ಹಡಗೇ ಹತ್ತಿಲ್ಲ ಕಣ್ರೀ,” ಅಂದ. ಅವನಿಗೆ ಇದೊಂದು ಆಟ.

ನನಗಿಂತ ಮೈಕಲಪ್ಪ ಮೇಷ್ಟ್ರಿಗೆ ಆತುರ. ಮೂವತ್ತು ವರ್ಷ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ಪೆನ್ಷನ್ ಆದವರು. ಎಂಟನೆಯ ವಯಸ್ಸಿನಿಂದ ನನಗೆ ಸ್ಟಾಫ್ ನೊಟೇಷನ್, ಗೆರೆಗಳ ಮೇಲೆ ಬರೆಯುವ ವಿಲಾಯತಿ ಸ್ವರಲಿಪಿ, ಕಲಿಸಿದವರು. ಈಗ ಎರಡು ಕಣ್ಣಿಗೂ ಪೊರೆ. ಪಕ್ಕದ ಮನೆ ಜಗುಲಿಯ ಮೇಲೆ ಕೂತು ಬೆಟ್ಟಯ್ಯನ ಚಪ್ಪಲಿ ಸದ್ದಿಗೇ ಗುರುತು ಹಿಡಿಯುತ್ತಾರೆ.

“ಲೇ ಆರೋಗ್ಯ, ನಿನ್ ಕಾಗ್ದ ಬಂತೇನೋ?”

“ಇಲ್ಲ ಮೇಷ್ಟ್ರೇ.”

“ಬರ್ತದೆ ಬುಡು. ನಿನ್ ಪೇಪರ್ ನೋಡಿ ದೊರೆಗಳು ಟೋಪಿ ತೆಗೀತಾರೆ.”

ಅವರು ಪೇಪರು ನೋಡಿಲ್ಲ. ನೋಡಲು ಕಣ್ಣಿಲ್ಲ. ನಾನು ಮೂರು ಗಂಟೆಯೊಳಗೆ ಬರೆದೆ ಎಂದು ರುಜು ಮಾತ್ರ ಹಾಕಿದ್ದಾರೆ.

ಸ್ಕೂಲಿಗೆ ಹೊತ್ತಾಯಿತು. ಫಸ್ಟ್ ಫಾರಂ ಹುಡುಗರಿಗೆ ಡಿಕ್ಟೇಷನ್ ಕೊಡಬೇಕು.

ಭಾನುವಾರ, 7 ಫೆಬ್ರವರಿ

ನಲವತ್ತು ದಿನದ ಉಪವಾಸದ ತಪಸ್ಸು ಕಾಲಕ್ಕೆ ಮೊದಲಿನ ಕೊನೆಯ ಭಾನುವಾರ. ಇನ್ನು ಯೇಸು ಮತ್ತೆ ಎದ್ದ ಪಾಸ್ಕ ಹಬ್ಬದ ತನಕ ಚರ್ಚಿನಲ್ಲಿ ಆರ್ಗನ್ ಬಾರಿಸುವ ಹಾಗಿಲ್ಲ. ಇವತ್ತು ಎರಡು ಪೂಜೆಗೂ ಬಾರಿಸಿದೆ. ಹಿಂದೆ ನಿಂತು ತಿದಿ ಒತ್ತಿದ್ದು ಅಂತೋಣಪ್ಪ ಮಾವ. ಅವರು ಗಾಳಿ ತುಂಬಿದರೆ ಮಾತ್ರ ನನ್ನ ಬೆರಳಿಗೆ ಸ್ವರ — ಹತ್ತು ವರ್ಷದಿಂದ ಹೀಗೆಯೇ. ಮಾವ ಅಂದರೆ ಸಂಬಂಧವಲ್ಲ, ಬೀದಿಯ ವಾಡಿಕೆ.

ಮುಂಚೆ ಅವರು ಕೆಳಗೆ ಗಂಟೆ ಹೊಡೆದು, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಂದು ತಿದಿಗೆ ನಿಲ್ಲುತ್ತಿದ್ದರು. ಈಗ ಏದುಸಿರಿಲ್ಲ. ಗಂಟೆ ಹೊಡೆಯುವುದು ಉಪದೇಶಿ, ಮಕ್ಕಳಿಗೆ ಜಪ ಕಲಿಸುವ ಮನುಷ್ಯ. ಮೊಂಡು ಹಸುವಿನ ಹಗ್ಗ ಎಳೆದ ಹಾಗೆ ಎಳೆಯುತ್ತಾನೆ. ಮಾವ ತುಟಿ ಬಿಗಿಹಿಡಿದು ಕೇಳಿಸಿಕೊಂಡರು. ಕೈ ತಾನಾಗಿ ಸೊಂಟದ ಹತ್ತಿರ ಹೋಯಿತು — ಗಡಿಯಾರ ನೋಡುವುದಕ್ಕೆ. ಗಡಿಯಾರ ಅಲ್ಲಿಲ್ಲ. ಗಂಟೆಯ ಕೆಲಸದ ಜೊತೆ ಅದನ್ನೂ ವಾಪಸು ಕೊಡಬೇಕಾಯಿತು.

ನಾನು ಪುಸ್ತಕದ ಹಾಳೆ ತಿರುವಿದೆ. ತಿರುವುವ ಅಗತ್ಯ ಇರಲಿಲ್ಲ.

ಬುಧವಾರ, 10 ಫೆಬ್ರವರಿ. ಸಂಜೆ

ತಪಸ್ಸು ಕಾಲ ಶುರು, ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ. ಒಂದು ತಿಂಗಳಿನಿಂದ ಇಲ್ಲಿ ಹವಾ, ತಲೆನೋವು, ಸ್ಕೂಲಿನ ಇನ್‌ಸ್ಪೆಕ್ಷನ್ ಎಲ್ಲ ಬರೆದಿದ್ದೇನೆ. ಅದೊಂದು ಬಿಟ್ಟು. ಯಾರೂ ಓದದ ಪುಸ್ತಕದಲ್ಲೂ ಮುಚ್ಚುಮರೆ ಮಾಡುವವನು ನಾನೊಬ್ಬನೇ ಇರಬೇಕು. ಬರೆದುಬಿಡೋಣ.

ಲಂಡನ್ನಿನ ಮ್ಯೂಸಿಕ್ ಕಾಲೇಜಿನ ದೊಡ್ಡ ಕ್ಲಾಸಿಗೆ ಬಿ.ಎ. ಒಂದೇ ಸಾಲದು. ಹಾರ್ಮನಿ ಪೇಪರು ಬರೆಯಬೇಕು. ಮೊಹರು ಹಾಕಿದ ಲಕೋಟೆಯಲ್ಲಿ ಬರುತ್ತದೆ. ಊರಿನ ಒಬ್ಬ ಸಂಗೀತಗಾರರ ಎದುರು ಒಡೆದು, ಮೂರೇ ಗಂಟೆಯಲ್ಲಿ ಬರೆದು, ಅವರ ರುಜು ಹಾಕಿಸಿ ಕಳಿಸಬೇಕು. ನನಗೆ ಮೈಕಲಪ್ಪ ಮೇಷ್ಟ್ರಲ್ಲದೆ ಯಾರಿದ್ದಾರೆ. ಅವರಿಗೆ ಗಡಿಯಾರದ ಮುಳ್ಳು ಕಾಣುವುದಿಲ್ಲ. ಆದ್ದರಿಂದ ಅವರೇ ಕಟ್ಟು ಮಾಡಿದರು: “ಒಂಬತ್ತಕ್ಕೆ ಕಾನ್ವೆಂಟ್ ಬೆಲ್ಲು. ಆಗ ಶುರು. ಹನ್ನೆರಡಕ್ಕೆ ಚರ್ಚಿನ್ ಗಂಟೆ. ಮೊದಲ್ನೇ ಏಟಿಗೇ ಪೆನ್ನು ಕೆಳಗೆ. ಅರ್ಧ ಅಕ್ಷರ ಆಗಿದ್ರೂ ಸರಿ, ಎತ್ತಂಗಿಲ್ಲ.”

ಮನೆಯಲ್ಲಿ ಹಳೆಯ ಪೇಪರುಗಳನ್ನು ಆರು ಸಲ ಬರೆದು ನೋಡಿದ್ದೆ. ಆರು ಸಲವೂ ಮೂರು ಗಂಟೆಯ ಮೇಲೆ ಕಾಲು ಗಂಟೆ, ಇಪ್ಪತ್ತು ನಿಮಿಷ.

ಹಿಂದಿನ ಸಂಜೆ, ಜನವರಿ ಏಳು. ಗೋಪುರದ ಕೆಳಗೆ ಮಾವ ಹಗ್ಗದ ತುದಿ ಹೊಸೆಯುತ್ತಾ ಕೂತಿದ್ದರು.

“ಮಾವ, ನಾಳೆ ಮಧ್ಯಾಹ್ನದ ಗಂಟೆ ಒಂದಿಪ್ಪತ್ತು ನಿಮಿಷ ತಡವಾಗಿ ಹೊಡೀತೀರಾ?”

“ಯಾಕಪ್ಪ?”

“ಪರೀಕ್ಷೆ. ಟೈಮ್ ಸಾಲೋದಿಲ್ಲ.”

ಗಡಿಯಾರ ತೆಗೆದು ನೋಡಿದರು, ಅದರ ಅಪ್ಪಣೆ ಕೇಳುವವರ ಹಾಗೆ. “ಮೂವತ್ತೊಂದ್ ವರ್ಸದಾಗೆ ತಡ ಮಾಡಿಲ್ಲ. ಒಂದ್ ದಿನ ತಾನೆ. ಆಗ್ಲಿ ಬುಡು.”

ಇಷ್ಟೇ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ.

ಮಾರನೆಯ ದಿನ ಮೂರು ಪ್ರಶ್ನೆ ಸಲೀಸಾಗಿ ಹೋದವು. ನಾಲ್ಕನೆಯದಕ್ಕೆ ಒಂದು ಟ್ಯೂನ್ ಕೊಟ್ಟಿದ್ದರು, ಅದರ ಕೆಳಗೆ ಇನ್ನು ಮೂರು ದನಿ ಜೋಡಿಸಬೇಕು. ಅದನ್ನೂ ಮುಗಿಸಿದೆ. ಹನ್ನೆರಡು ಆಗಿರಬೇಕು ಅನ್ನಿಸಿತು. ಗಂಟೆ ಇಲ್ಲ. ಹೊತ್ತು ಇದೆಯಲ್ಲ ಎಂದು ಮತ್ತೆ ಓದಿದೆ. ಕೊನೆಯ ನಾಲ್ಕು ಬಾರ್, ತಾಳದ ನಾಲ್ಕು ಆವರ್ತ, ಅದರ ಮೇಲೆ ಅನುಮಾನ ಬಂತು. ಹೊಡೆದುಹಾಕಿ ಬೇರೆ ಬರೆದೆ. ಮೇಷ್ಟ್ರು ಕುರ್ಚಿಯಲ್ಲಿ ಪಾದದಿಂದ ತಾಳ ಹಾಕುತ್ತಿದ್ದರು. ಒಂದು ಸಲ ಪಾದ ನಿಂತಿತು. ತಲೆ ಎತ್ತಿದರು. ಮತ್ತೆ ತಾಳ ಶುರುವಾಯಿತು. ಆಮೇಲೆ ಗಂಟೆ. ಮೊದಲ ಏಟಿಗೇ ಪೆನ್ನು ಕೆಳಗಿಟ್ಟೆ, ದೊಡ್ಡ ಪ್ರಾಮಾಣಿಕನ ಹಾಗೆ.

ಆ ಗಂಟೆ ನನ್ನೊಬ್ಬನದಲ್ಲ ಎಂದು ಹೊಳೆದೇ ಇರಲಿಲ್ಲ. ಚರ್ಚಿನ ಹಿಂದೆ ಸ್ಕೂಲು ಕಟ್ಟುವ ಕೂಲಿಯವರು ಅದನ್ನು ಕೇಳಿಯೇ ಕೆಲಸ ಬಿಡುವುದು. ಇಟ್ಟಿಗೆ ಹೊರುವ ಬೀರಮ್ಮ ಆ ಹೊತ್ತಿಗೆ ಓಡಿಹೋಗಿ ಮೂರು ತಿಂಗಳ ಮಗುವಿಗೆ ಹಾಲು ಕೊಟ್ಟು ಬರುತ್ತಾಳೆ. ಸಾಯಂಕಾಲ ಚರ್ಚಿನ ಪಾದ್ರಿ ಸ್ವಾಮಿಗಳ ಬಂಗಲೆ ಮುಂದೆ ನಿಂತು ಕೂಗಾಡಿದಳು. “ಈವಯ್ಯನ್ ಗಂಟೆ ನಂಬ್ಕಂಡು ನನ್ ಕೂಸು ಅತ್ತು ಅತ್ತು ಗಂಟ್ಲು ಕಟ್ಕಂಡದೆ ಕಣ್ರೀ.”

ಸ್ವಾಮಿಗಳು ಫ್ರಾನ್ಸ್ ದೇಶದವರು, ಪುಸ್ತಕದಿಂದ ಕನ್ನಡ ಕಲಿತವರು. “ಅಂತೋಣಪ್ಪನೇ, ಏನಾಯಿತು?” ಎಂದರು. ನಾನು ಅಲ್ಲೇ ಜಗುಲಿಯಲ್ಲಿದ್ದೆ, ಲಕೋಟೆಗೆ ಅಂಟು ಹಚ್ಚುತ್ತಾ. ಮಾವ ಒಂದೇ ಒಂದು ಸಲ ನನ್ನ ಕಡೆ ನೋಡಿದರು.

“ಕಣ್ ಹತ್ಬುಡ್ತು ಸ್ವಾಮಿ. ನಿದ್ದೆ.”

ಸ್ವಾಮಿಗಳು ನನ್ನನ್ನೂ ಕೇಳಿದರು: “ನಿನ್ನ ಪರೀಕ್ಷೆಗೆ ಇದರಿಂದ ತೊಂದರೆಯಾಯಿತೇ?”

“ಇಲ್ಲ ಸ್ವಾಮಿ. ಅಷ್ಟು ಹೊತ್ತಿಗೆ ಬರೆದು ಮುಗಿಸಿದ್ದೆ,” ಅಂದೆ.

ಸ್ವಾಮಿಗಳು ಬೈಯಲಿಲ್ಲ. ವಯಸ್ಸಾಯಿತು, ಗೋಪುರದಲ್ಲಿ ನಿದ್ದೆ ಬಂದು ಬಿದ್ದರೆ ಏನು ಗತಿ, ಇನ್ನು ವಿಶ್ರಾಂತಿ ತೆಗೆದುಕೋ ಎಂದರು. ಅಂಗಳ ಗುಡಿಸುವ ಕೆಲಸ ಕೊಟ್ಟರು.

ನಾಚಿಕೆಯಾಗುತ್ತದೆ ಎಂದು ಬರೆಯುವುದಕ್ಕೂ ನಾಚಿಕೆ.

ಸೋಮವಾರ, 22 ಫೆಬ್ರವರಿ

ಇಲ್ಲ.

ಶನಿವಾರ, 27 ಫೆಬ್ರವರಿ

ಬೀದಿಯಲ್ಲಿ ಮಾವನಿಗೆ ಹೊಸ ಹೆಸರು ಬಿದ್ದಿದೆ. ನಿದ್ದೆ ಅಂತೋಣಪ್ಪ. ಅಂಗಡಿಯ ವೆಂಕಟಸುಬ್ಬಯ್ಯ ಇವತ್ತು ನನ್ನೆದುರಿಗೇ, “ಏನ್ ಅಂತೋಣಪ್ಪ, ಎದ್ದಿದೀಯಾ?” ಎಂದು ಕೇಳಿದ. ಅಲ್ಲಿದ್ದವರೆಲ್ಲ ನಕ್ಕರು. ಮಾವನೂ ನಕ್ಕರು.

ನಾನೂ ನಕ್ಕೆ. ಇದನ್ನು ಬರೆಯಲೇಬೇಕು. ನಾನೂ ನಕ್ಕೆ.

ಸೋಮವಾರ, 14 ಮಾರ್ಚ್

ಇಲ್ಲ. ಬರದಿದ್ದರೇ ಒಳ್ಳೆಯದು ಅನ್ನಿಸುತ್ತದೆ. ಫೇಲಾದರೆ ಕದ್ದ ಮಾಲು ಕೈಸೇರಲಿಲ್ಲ ಎಂದಾದರೂ ಆಗುತ್ತದೆ. ಐದು ನಿಮಿಷಕ್ಕೆ ಮತ್ತೆ — ಸೀಟು ಸಿಗದಿದ್ದರೆ ಜನ್ಮವಿಡೀ ಫಸ್ಟ್ ಫಾರಂ ಡಿಕ್ಟೇಷನ್ನೇ ಗತಿ. ಹಡಗಿನ ಖರ್ಚಿಗೆ ಸ್ವಾಮಿಗಳು ಅವರ ಊರಿನವರಿಗೆ ಬರೆದು ದಾರಿ ಮಾಡಿದ್ದಾರೆ. ಅಮ್ಮ ಉಣ್ಣೆಯ ಕೋಟಿಗೆ ಅಳತೆ ಕೊಡು ಎಂದು ಹಿಂದೆ ಬಿದ್ದಿದ್ದಾಳೆ. ಬೇಕು. ಆ ಸೀಟು ನನಗೆ ಬೇಕು. ಇದರಲ್ಲಿ ಸುಳ್ಳಿಲ್ಲ.

ಗುರುವಾರ, 24 ಮಾರ್ಚ್

ಯೇಸು ಸತ್ತ ದುಃಖಕ್ಕೆ ಇವತ್ತಿನ ಪೂಜೆಯ ನಂತರ ಶನಿವಾರದವರೆಗೆ ಗಂಟೆ ಹೊಡೆಯುವುದಿಲ್ಲ, ಮರದ ಹಲಗೆ ಬಡಿಯುತ್ತಾರೆ. ಎರಡು ದಿನ ಕಿವಿಗೆ ನೆಮ್ಮದಿ. ಪಾಸ್ಕದ ಮುಂಚೆ ಪಾಪನಿವೇದನೆ ಮಾಡಬೇಕು. ಸಾಲಿನಲ್ಲಿ ನಿಂತೆ. ನನ್ನ ಮುಂದೆ ಮೂರು ಜನ. ಇಬ್ಬರಾದರು. ಹೊರಗೆ ಬಂದುಬಿಟ್ಟೆ.

ಭಾನುವಾರ, 27 ಮಾರ್ಚ್. ಪಾಸ್ಕ

ಆರ್ಗನ್ ಮತ್ತೆ ತೆರೆಯಿತು. ಊರೆಲ್ಲ ಸತ್ಪ್ರಸಾದಕ್ಕೆ ಸಾಲು ಹಿಡಿದಾಗ ನಾನು ಮೇಲೆ ಬಾರಿಸುತ್ತಲೇ ಇದ್ದೆ. ಪಾಪನಿವೇದನೆ ಮಾಡದವನು ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ಆರ್ಗನ್ ಅಟ್ಟದಲ್ಲಿ ಕೂತವನು ಇಳಿದನೋ ಇಲ್ಲವೋ ಯಾರಿಗೆ ಗೊತ್ತಾಗುತ್ತದೆ. ಗೊತ್ತಾದದ್ದು ತಿದಿ ಒತ್ತುವವರಿಗೆ ಮಾತ್ರ.

“ನೀನು ಓಗಿ ಬಾಪ್ಪ, ನಾನಿರ್ತೀನಿ,” ಅಂದರು ಮಾವ.

“ಹಾಡು ಮುಗಿದಿಲ್ಲ ಮಾವ,” ಅಂದೆ.

ಒತ್ತುತ್ತಲೇ ಇದ್ದರು. ಒಂದು ಸ್ವರಕ್ಕೂ ಗಾಳಿ ಕಡಿಮೆಯಾಗಲಿಲ್ಲ.

ಸೋಮವಾರ, 4 ಏಪ್ರಿಲ್

ಬಂತು.

ಬೆಟ್ಟಯ್ಯ ಇವತ್ತು ಆಟ ಆಡಲಿಲ್ಲ. ಎರಡು ಕೈಯಲ್ಲಿ ಹಿಡಿದು ಕೊಟ್ಟ. ಅಡುಗೆಮನೆಯಲ್ಲಿ ನಿಂತೇ ಒಡೆದೆ. ಸೆಪ್ಟೆಂಬರ್ ಟರ್ಮಿಗೆ ಸೀಟು. ನಾಲ್ಕು ಸಲ ಓದಿದೆ. ಅಮ್ಮ ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತಿದ್ದರೂ ಅಲ್ಲೇ ನೆಲದ ಮೇಲೆ ಮೊಣಕಾಲೂರಿದಳು. ಮೇಷ್ಟ್ರು ಜಗುಲಿಯಿಂದಲೇ ಕೂಗಿದರು: “ಸುಮ್ಕಿದೀರಲ್ಲ, ಬಂತು ತಾನೆ?” ಹೋಗಿ ಕಾಲಿಗೆ ಬಿದ್ದೆ. ಕಾಗದ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದರು. ವಾಸನೆ ನೋಡಿದರು.

ಸಂಜೆ 5

ಲಕೋಟೆಯಲ್ಲಿ ಇನ್ನೊಂದು ಸಣ್ಣ ಚೀಟಿ ಇತ್ತು. ಪರೀಕ್ಷಕರದು. ಬೆಳಗ್ಗೆ ನೋಡಲಿಲ್ಲ. ಮೂರು ಉತ್ತರಕ್ಕೆ ಒಳ್ಳೆಯ ಮಾತು. ನಾಲ್ಕನೆಯದಕ್ಕೆ — ಅಭ್ಯರ್ಥಿ ಹೊಡೆದುಹಾಕಿರುವ ನಾಲ್ಕು ಬಾರ್ ಸರಿಯಾಗಿಯೇ ಇದ್ದವು. ಅದರ ಬದಲು ಬರೆದದ್ದು ದುರ್ಬಲ. ಸ್ಪಷ್ಟವಾಗಿ ಓದಲು ಬರುವುದರಿಂದ ಮೊದಲಿನದನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ.

ಮೂರೇ ಗಂಟೆ ಸಾಕಾಗಿತ್ತು. ಆ ಇಪ್ಪತ್ತು ನಿಮಿಷದಲ್ಲಿ ನಾನು ಮಾಡಿದ್ದು ಸರಿಯಾಗಿದ್ದದ್ದನ್ನು ಕೆಡಿಸಿದ್ದು. ಗಂಟೆ ಹೊತ್ತಿಗೆ ಸರಿಯಾಗಿ ಹೊಡೆದಿದ್ದರೂ ಸೀಟು ಬರುತ್ತಿತ್ತು. ಮಾವನ ಕೈಯಲ್ಲಿ ಹಗ್ಗವೂ ಇರುತ್ತಿತ್ತು.

ಚೀಟಿಯನ್ನು ಬೈಬಲ್ಲಿನೊಳಗೆ ಇಟ್ಟೆ. ಈ ಮನೆಯಲ್ಲಿ ಅಮ್ಮ ದಿನಾ ಮುಟ್ಟುವ ಪುಸ್ತಕ ಅದೊಂದೇ ಎಂದು ನೆನಪಾಗಿ ತೆಗೆದು ಜೇಬಿಗೆ ಹಾಕಿಕೊಂಡೆ.

ಮಂಗಳವಾರ, 5 ಏಪ್ರಿಲ್

ಸಾಯಂಕಾಲ ಅಂತೋಣಪ್ಪ ಮಾವ ಒಂದು ಚಿಪ್ಪು ರಸಬಾಳೆ ಹಿಡಿದು ಬಂದರು. ಒಗೆದ ಅಂಗಿ ತೊಟ್ಟಿದ್ದರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ಕೂತರು. ಅಮ್ಮ ನೀರು ತರಲು ಒಳಗೆ ಹೋದ ಮೇಲೆ ದನಿ ತಗ್ಗಿಸಿದರು.

“ನೋಡ್ದಾ. ಮೂವತ್ತೊಂದ್ ವರ್ಸ ಹೊತ್ಗೆ ಸರ್ಯಾಗಿ ಒಡೆದ್ನಲ್ಲ, ಬೀದಿ ದಾಟಿ ಕೇಳಿಸ್ಲಿಲ್ಲ. ಒಂದ್ ದಿನ ತಡವಾಗಿ ಒಡ್ದೆ, ಲಂಡನ್ ಗಂಟ ಕೇಳುಸ್ತು.”

ಅವರಿಗೆ ಅಷ್ಟು ಸಂತೋಷ. ನನ್ನ ಜೇಬಿನಲ್ಲಿ ಆ ಚೀಟಿ. ಬಾಳೆಹಣ್ಣು ಸುಲಿದು ಕೊಟ್ಟರು. ತಿಂದೆ.

ಭಾನುವಾರ, 10 ಏಪ್ರಿಲ್

ಪ್ರಸಂಗದ ಕೊನೆಗೆ ಸ್ವಾಮಿಗಳು ನನ್ನ ಹೆಸರು ಹೇಳಿದರು. ಹೊರಗೆ ಬಂದಾಗ ಹಾರ, ಕೈ ಕುಲುಕಾಟ. ವೆಂಕಟಸುಬ್ಬಯ್ಯ ಚರ್ಚಿನ ಗೇಟಿನವರೆಗೂ ಬಂದು ಕಲ್ಲುಸಕ್ಕರೆ ಕೊಟ್ಟ. ಹಾರದ ಜೊತೆಗೆ ಮತ್ತೆ ಅಟ್ಟ ಹತ್ತಿದೆ, ಪುಸ್ತಕ ತರಲು. ಮಾವ ತಿದಿಗೆ ಬಟ್ಟೆ ಹೊದಿಸುತ್ತಿದ್ದರು.

“ಒಂದ್ ಮಾತು ಕಣಪ್ಪ,” ಅಂದರು. ಹತ್ತು ವರ್ಷದಲ್ಲಿ ನನ್ನಿಂದ ಏನೂ ಕೇಳಿದವರಲ್ಲ. “ನೀನು ಓಗೋದ್ರೊಳಗೆ ಸ್ವಾಮಿಯೋರ್ಗೆ ಏಳ್ತೀಯಾ? ಮೂರ್ ಹೊತ್ತೂ ಬ್ಯಾಡ. ಮದ್ಯಾನ್ದ ಗಂಟೆ ಒಂದು ನನಗೆ ಕೊಡ್ಲಿ. ಅಗಲೊತ್ತು, ನಿದ್ದೆ ಬರಕ್ಕಿಲ್ಲ ಅಂತ ಏಳು. ನಿನ್ ಮಾತು ಈಗ ಕೇಳ್ತಾರೆ.”

ನಿದ್ದೆ ಬರಕ್ಕಿಲ್ಲ ಅಂತ ಹೇಳು. ನನಗೆ ಹೇಳುತ್ತಿದ್ದಾರೆ, ನನಗೆ. ಆಡಿದ ಸುಳ್ಳನ್ನು ಅವರೇ ನಂಬಿಬಿಟ್ಟಿದ್ದಾರೋ, ಅಥವಾ ನನ್ನ ಮುಖ ಉಳಿಸಲು ಹಾಗೆ ಅಂದರೋ.

“ಹೇಳ್ತೀನಿ ಮಾವ,” ಅಂದೆ.

ಬಂಗಲೆಯ ಬಾಗಿಲವರೆಗೆ ಹೋದೆ. ಶಿಫಾರಸು ಮಾಡಲು ಬಂದಿದ್ದೇನೆ — ಯಾರಿಗೆ, ಯಾವ ತಪ್ಪಿಗೆ? ವಾಪಸು ಬಂದೆ. ಹಾರ ಬಾವಿಕಟ್ಟೆಯ ಮೇಲಿಟ್ಟೆ.

ಸೋಮವಾರ, 11 ಏಪ್ರಿಲ್

ಮೇಷ್ಟ್ರಿಗೆ ಹೇಳಿದೆ. ಬೆಳಗ್ಗೆಯೇ, ಜಗುಲಿಯ ಮೇಲೆ, ಉಸಿರು ಬಿಡದೆ. ಗಂಟೆ ತಡವಾದದ್ದು ನಿದ್ದೆಯಿಂದಲ್ಲ, ನಾನು ಹೇಳಿ ಮಾಡಿಸಿದ್ದು ಎಂದು. ಚೀಟಿಯನ್ನೂ ಓದಿ ಹೇಳಿದೆ.

ತಾಳ ಹಾಕುತ್ತಿದ್ದ ಪಾದ ನಿಂತಿತು.

“ತಡ ಆಯ್ತು ಅಂತ ನಂಗೊತ್ತಿತ್ತು ಕಣೋ. ಬ್ಯಾಂಡ್‌ನಾಗೆ ಇದ್ದೋನು ನಾನು, ಕಣ್ಣಿಲ್ದಿದ್ರೂ ಹೊತ್ತು ತಿಳೀತದೆ. ಅಂತೋಣಪ್ಪ ಒಂದಿನ ಮರೆತವ್ನೆ, ಹುಡುಗನ್ ಅದೃಷ್ಟ ಅಂತ ಸುಮ್ಕಿದ್ದು ರುಜು ಹಾಕ್ದೆ. ತಡ ಆಗಿದ್ದು ನಂಗೊತ್ತಿತ್ತು. ನಿಂಗೂ ಗೊತ್ತಿತ್ತು ಅನ್ನೋದು ಗೊತ್ತಿರ್ಲಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು.

ಎದ್ದು ಬರುವಾಗ ಕರೆದರು. “ಕಾಲೇಜ್‌ನೋರ್ಗೆ ಬರಿ. ಮೂರ್ ಗಂಟೆ ಅಲ್ಲ, ಮೂರ್ ಗಂಟೆ ಇಪ್ಪತ್ ನಿಮಿಷ ಅಂತ. ನನ್ ರುಜೂನೂ ಸುಳ್ಳೇ ಅಲ್ವಾ. ಬರ್ಕೊಂಡ್ ಬಾ, ಹಾಕ್ತೀನಿ.”

ಮಂಗಳವಾರ, 12 ಏಪ್ರಿಲ್

ಸ್ವಾಮಿಗಳ ಹತ್ತಿರ ಎಲ್ಲ ಹೇಳಿದೆ. ಪಾಪನಿವೇದನೆಯ ಪೀಠದಲ್ಲಲ್ಲ, ಬಂಗಲೆಯಲ್ಲಿ, ಮುಖ ಕಾಣುವ ಹಾಗೆ. ಕನ್ನಡಕ ತೆಗೆದು ಒರೆಸಿದರು.

“ಅಂತೋಣಪ್ಪನು ನನಗೆ ಸುಳ್ಳು ಹೇಳಿದನು. ನೀನೂ ಹೇಳಿದೆ. ಅವನು ನಿನಗೋಸ್ಕರ ಹೇಳಿದನು,” ಎಂದರು. ಮುಂದಿನ ವಾಕ್ಯ ಹೇಳಲಿಲ್ಲ. ಮೇಜಿನ ಖಾನೆಯಿಂದ ಗಡಿಯಾರ ತೆಗೆದು ನನ್ನ ಕೈಗಿಟ್ಟರು. “ಗಂಟೆಯನ್ನು ನಾನು ಕೊಡುತ್ತೇನೆ. ಇದನ್ನು ನೀನು ತೆಗೆದುಕೊಂಡು ಹೋಗಿ ಕೊಡು. ಬೀರಮ್ಮನಿಗೂ ಹೇಳು.”

ಬೀರಮ್ಮ ತಲೆಯ ಮೇಲಿನ ಇಟ್ಟಿಗೆ ಇಳಿಸದೆಯೇ ಕೇಳಿದಳು. “ಓದಿದೋರ್ ಬುದ್ಧಿ,” ಎಂದು ನಡೆದುಬಿಟ್ಟಳು.

ಮಾವನಿಗೆ ಸಿಟ್ಟೇ ಬಂತು. ಪೊರಕೆ ಕೆಳಗೆ ಹಾಕಿದರು. “ನಾನು ಮುಚ್ಚಿಟ್ಟಿದ್ನ ನೀನ್ಯಾಕ್ ಬಿಚ್ಚಕ್ಕೋದೆ? ಶಿಫಾರಸು ಮಾಡು ಅಂದ್ರೆ ಇಂಗಾ ಮಾಡದು?” ಗಡಿಯಾರ ಮಾತ್ರ ಇಸಿದುಕೊಂಡರು. ಕಿವಿಯ ಹತ್ತಿರ ಹಿಡಿದು, ಕೀಲಿ ಕೊಟ್ಟು, ಅಂಗಿಯ ತುದಿಯಿಂದ ಗಾಜು ಒರೆಸಿದರು.

ಕೊನೆಯ ನಾಲ್ಕು ಬಾರ್ ವಿಷಯ ಅವರಿಗೆ ಹೇಳಲಿಲ್ಲ. ಹೇಳುವುದೂ ಇಲ್ಲ. ಅವರ ಗಂಟೆ ಲಂಡನ್ ತನಕ ಕೇಳಿಸಿತೆಂದೇ ಇರಲಿ.

ಗುರುವಾರ, 14 ಏಪ್ರಿಲ್. ಬೆಳಗ್ಗೆ 11 ದಾಟಿದೆ

ಕಾಗದ ಮುಗಿಯಿತು. ಒಂದೇ ಪುಟ. ರುಜು ಎಲ್ಲಿ ಹಾಕಬೇಕೆಂದು ಮೇಷ್ಟ್ರ ಬೆರಳು ಹಿಡಿದು ಅಲ್ಲಿಟ್ಟು ತೋರಿಸಿದೆ. ನಿಧಾನವಾಗಿ, ನನ್ನ ರುಜುವಿನ ಮೇಲುಗಡೆ ಹಾಕಿದರು. ಲಕೋಟೆ ಅಂಟಿಸಿ, ಸ್ಟ್ಯಾಂಪು ಹಚ್ಚಿ ಮೇಜಿನ ಮೇಲಿಟ್ಟಿದ್ದೇನೆ. ವಿಲಾಯತಿಯ ಚೀಲ ಇವತ್ತು ಹನ್ನೆರಡೂವರೆಗೆ ಕಟ್ಟುತ್ತಾರೆ.

ಇದನ್ನು ಓದಿದ ಮೇಲೆ ಅವರು ಸೀಟು ಉಳಿಸುತ್ತಾರೆಂದು ನನಗೆ ನಂಬಿಕೆಯಿಲ್ಲ. ಅಮ್ಮ ಎರಡು ದಿನದಿಂದ ಮಾತಾಡಿರಲಿಲ್ಲ. ಈಗ ಬಾಗಿಲಲ್ಲಿ ನಿಂತು, “ಸ್ವಾಮಿಯೋರ್ಗೆ ಹೇಳ್ದೆ, ಸರಿ. ಅಂತೋಣಪ್ಪಂಗೆ ಗಂಟೆ ಬಂತು, ಸರಿ. ಸಮುದ್ರದಾಚೆ ಇರೋರ್ಗೆ ಯಾಕೆ ಬರೀಬೇಕು?” ಅಂದಳು. ಒಂದು ಗಂಟೆಯಿಂದ ಲಕೋಟೆ ನೋಡುತ್ತಾ ಕೂತಿದ್ದೇನೆ. ಹನ್ನೆರಡೂವರೆ ದಾಟಿದರೆ ಮುಂದಿನ ಗುರುವಾರ. ಮುಂದಿನ ಗುರುವಾರದ ಹೊತ್ತಿಗೆ ನಾನು ಯಾರಾಗಿರುತ್ತೇನೋ, ನನ್ನನ್ನು ನಾನು ಬಲ್ಲೆ.

ಸ್ವಲ್ಪ ಮುಂಚೆ ಮಾವ ಚರ್ಚಿಗೆ ಹೋಗುತ್ತಾ ಕಿಟಕಿಯ ಹತ್ತಿರ ನಿಂತರು. ಒಗೆದ ಅಂಗಿ. ಮೂರು ತಿಂಗಳ ಮೇಲೆ ಮೊದಲ ಗಂಟೆ. ಲಕೋಟೆ ನೋಡಿದರು, ನನ್ನ ಮುಖ ನೋಡಿದರು.

“ಇನ್ನೂ ಓಗಿಲ್ವಾ? ಬೇಕಾದ್ರೆ ಇವತ್ತೂ ಒಂದಿಪ್ಪತ್ ನಿಮ್ಸ ತಡವಾಗಿ ಒಡೀಲಾ?”

“ಬೇಡ ಮಾವ. ಹೊತ್ತಿಗೆ ಸರಿಯಾಗಿ ಹೊಡೀರಿ,” ಅಂದೆ. ನಗುತ್ತಾ ಹೋದರು.

ಹೊತ್ತಿಗೆ ಸರಿಯಾಗಿ. ಮೊದಲ ಏಟಿಗೇ ಪೆನ್ನು ಕೆಳಗಿಟ್ಟು, ಲಕೋಟೆ ತೆಗೆದುಕೊಂಡು ಎದ್ದುಬಿಡಬೇಕು — ಅರ್ಧ ಅಕ್ಷರ ಆಗಿದ್ದರೂ ಸರಿ. ಅಲ್ಲಿಯವರೆಗೆ ಬರೆಯುತ್ತಿರುತ್ತೇನೆ, ಕೈ ಸುಮ್ಮನಿದ್ದರೆ ಮನಸ್ಸು ಬದಲಾಗುತ್ತದೆ. ಮಾವ ಈಗ ಗೋಪುರದ ಕೆಳಗೆ ನಿಂತಿರಬೇಕು. ಗಡಿಯಾರ ಎಡಗೈಯಲ್ಲಿ. ಬಲಗೈಯಲ್ಲಿ ಹಗ್ಗ ಹಿಡಿದಿರು